ಮನಸ್ಸಿನ ಭಾರ ಇಳಿಸುವ ಗಾಸ್ಪೆಲ್ ಹಾಡು

"ಡಾಕ್ಟ್ರೇ, ಹಾಡು ಕೇಳಿದರೆ ಮನಸ್ಸಿನ ಸಂಕಟ ಕಡಿಮೆಯಾಗುತ್ತದೆಯೇ?" ಎಂದು ಕೇಳುವವರುಂಟು. ಆಗುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ಇವೆರಡನ್ನೂ ತಿಳಿಯಲು ಅಮೆರಿಕದ ಕರಿಯ ಜನರ ಗಾಸ್ಪೆಲ್ ಸಂಗೀತ ಒಳ್ಳೆಯ ಉದಾಹರಣೆ.

ಗಾಸ್ಪೆಲ್ ಎಂದರೆ ಕ್ರೈಸ್ತರ ಸುವಾರ್ತೆ. ಗುಲಾಮಗಿರಿಯ ಕಾಲದ ಭಕ್ತಿಗೀತೆಗಳಲ್ಲಿ ಈ ಸಂಗೀತದ ಬೇರುಗಳಿವೆ. ಅದಕ್ಕೆ ಆಧುನಿಕ ರೂಪ ಕೊಟ್ಟವರಲ್ಲಿ ಪ್ರಮುಖರು ಷಿಕಾಗೋದ ಥಾಮಸ್ ಡಾರ್ಸಿ. ಬ್ಲೂಸ್ ಪಿಯಾನೋ ವಾದಕರಾಗಿದ್ದ ಇವರು 1920ರ ದಶಕದಲ್ಲೇ ಖಿನ್ನತೆಯಿಂದ ನರಳಿದ್ದರು. 1932ರ ಆಗಸ್ಟ್‌ನಲ್ಲಿ ಅವರು ಹಾಡಲೆಂದು ಪರಊರಿಗೆ ಹೋಗಿದ್ದಾಗ ಪತ್ನಿ ಹೆರಿಗೆಯಲ್ಲಿ ತೀರಿಕೊಂಡರು. ಹುಟ್ಟಿದ ಮಗುವೂ ಉಳಿಯಲಿಲ್ಲ. ಆ ದುಃಖದಲ್ಲೇ ಅವರು ದೇವರನ್ನು 'ಕೈ ಹಿಡಿದು ನಡೆಸು' ಎಂದು ಬೇಡುವ ಹಾಡು ಕಟ್ಟಿದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯ ದಿನ ಮಹೇಲಿಯಾ ಜಾಕ್ಸನ್ ಹಾಡಿದ್ದು ಅದನ್ನೇ. ಮುಂದೆ 1969ರಲ್ಲಿ ಎಡ್ವಿನ್ ಹಾಕಿನ್ಸ್ ತಂಡದ 'ಓ ಹ್ಯಾಪಿ ಡೇ' ಚರ್ಚಿನ ಹೊರಗೂ ಮನೆಮಾತಾಯಿತು. 1990ರ ದಶಕದಲ್ಲಿ ಕರ್ಕ್ ಫ್ರಾಂಕ್ಲಿನ್ ಇದಕ್ಕೆ ಹಿಪ್‌ಹಾಪ್ ಲಯವನ್ನು ಸೇರಿಸಿದರು.

ಈ ಸಂಗೀತ ದುಃಖವನ್ನು ಮುಚ್ಚಿಡುವುದಿಲ್ಲ. 'ದಣಿದಿದ್ದೇನೆ' ಎಂದು ಒಪ್ಪಿಕೊಂಡು, ಅಲ್ಲಿಂದ ಭರವಸೆಯ ಕಡೆಗೆ ನಡೆಯುತ್ತದೆ. ಮುಂದಾಳು ಒಂದು ಸಾಲು ಹಾಡಿದರೆ ಉಳಿದವರು ದನಿಗೂಡಿಸುತ್ತಾರೆ. ಚಪ್ಪಾಳೆಯಿಂದ ಲಯ ಏರುತ್ತದೆ, ಮೈ ತೂಗುತ್ತದೆ. ನಮ್ಮ ಊರುಗಳ ಭಜನೆಯನ್ನು ಬಲ್ಲವರಿಗೆ ಇದು ಹೊಸದೆನಿಸದು.

ಈಗ ದೇಹದೊಳಗೆ ಏನಾಗುತ್ತದೆ ನೋಡೋಣ. ಉದ್ದ ಸಾಲು ಹಾಡಲು ನೀವು ಬೇಗ ಉಸಿರು ಎಳೆದು ನಿಧಾನವಾಗಿ ಬಿಡಬೇಕು. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಚೆನ್ನಾಗಿ ಕೆಲಸ ಮಾಡುತ್ತದೆ. ನಿಧಾನವಾಗಿ ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಇಳಿಯುತ್ತದೆ. ಒಟ್ಟಿಗೆ ಹಾಡುವವರ ಉಸಿರು ಒಂದೇ ಲಯಕ್ಕೆ ಬಂದಾಗ ಹೃದಯ ಬಡಿತದ ಏರಿಳಿತವೂ ಹೊಂದಿಕೊಳ್ಳುತ್ತದೆಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದರು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಭಕ್ತಿಸಂಗೀತವನ್ನು ಆಗಾಗ ಕೇಳುವ ಹಿರಿಯ ಕ್ರೈಸ್ತರಲ್ಲಿ ಕಾಲಕ್ರಮೇಣ ಸಾವಿನ ಭಯ ತಗ್ಗಿ, ಬದುಕಿನ ತೃಪ್ತಿ ಹೆಚ್ಚಿತ್ತು. ಇದಕ್ಕೆ ಹಾಡೊಂದೇ ಕಾರಣವೆಂದು ಮಾತ್ರ ಹೇಳಲಾಗದು. ನಂಬಿಕೆ, ಜೊತೆಗಾರರ ಒಡನಾಟಗಳ ಪಾಲೂ ಇದ್ದೀತು.

ನೀವೇನು ಮಾಡಬಹುದು? ನಿಮ್ಮ ಧರ್ಮ ಯಾವುದೇ ಇರಲಿ, ಇಷ್ಟವಾದ ಹಾಡನ್ನು ಕೇಳುವುದರ ಜೊತೆಗೆ ಬಾಯಿಬಿಟ್ಟು ಹಾಡಿ. ಕಂಠ ಚೆನ್ನಾಗಿಲ್ಲವೆಂದು ನಾಚಬೇಡಿ. ಸಾಧ್ಯವಾದರೆ ನಾಲ್ಕು ಜನರ ಜೊತೆ ಸೇರಿ ಹಾಡಿ. ಮನೆಯಲ್ಲಿ ಸಾವು ಸಂಭವಿಸಿದಾಗ ದುಃಖಿತರಿಗೆ 'ಅಳಬೇಡ' ಎನ್ನುವ ಬದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಧ್ವನಿವರ್ಧಕದ ಅಬ್ಬರ ಬೇಡ. ಅದು ಕಿವಿಗೆ ಕೆಡುಕು.

ಕೊನೆಗೊಂದು ಎಚ್ಚರಿಕೆಯ ಮಾತು. ಹಾಡು ಆಸರೆಯೇ ಹೊರತು ಔಷಧಿಯಲ್ಲ. ರಕ್ತದೊತ್ತಡದ ಅಥವಾ ಖಿನ್ನತೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು ವಾರ ಕಳೆದರೂ ಬೇಸರ ಬಿಡದೆ, ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಮನೆಯವರಿಗೆ ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಡಾರ್ಸಿ ತಮ್ಮ ಹಾಡಿನಲ್ಲಿ ಬೇಡಿದ್ದು ಹಿಡಿದು ನಡೆಸುವ ಕೈಯನ್ನೇ. ಕಷ್ಟ ಬಂದಾಗ ಕೈ ಚಾಚುವುದು ದೌರ್ಬಲ್ಯವಲ್ಲ.