ಗೋಬಿ ಮೀನುಗಳ ಪಾಲನೆ ಹಾಗೂ ಕೆರೆಗಳ ರಕ್ಷಣೆ

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಸಣ್ಣ ಗೋಬಿ ಮೀನುಗಳು ತಳವಾಸಿಗಳು. ಇವುಗಳ ಹೊಟ್ಟೆಯಡಿಯ ಜೋಡಿ ಈಜುರೆಕ್ಕೆಗಳು ಸಾಮಾನ್ಯವಾಗಿ ಕೂಡಿಕೊಂಡು ಬಟ್ಟಲಿನಂತಿದ್ದು, ಕಲ್ಲನ್ನು ಹಿಡಿದು ನಿಲ್ಲಲು ನೆರವಾಗುತ್ತವೆ. ಆದ್ದರಿಂದ ತಳದಲ್ಲಿ ನಯವಾದ ಮರಳು, ಅಡಗಲು ಕಲ್ಲುಸಂದು ಹಾಗೂ ತೊಟ್ಟಿಗೆ ಮುಚ್ಚಳ ಅವಶ್ಯ.

ನಳದ ನೀರಿನ ಕ್ಲೋರಿನ್ ಕಿವಿರುಗಳಿಗೆ ಹಾನಿಕರವಾದುದರಿಂದ, ನೀರನ್ನು ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಿಸತಕ್ಕದ್ದು. ಒಣ ಆಹಾರವನ್ನು ಮುಟ್ಟದ ಮೀನಿಗೆ ಎರೆಹುಳುವಿನ ಚಿಕ್ಕ ತುಂಡು ನೀಡಬಹುದು.

ಸಾಕಲಾಗದ ಮೀನನ್ನು ಕೆರೆಗೆ ಬಿಡುವುದು ಸಲ್ಲದು. ಹೊರಗಿನ ತಳಿ ಅಥವಾ ರೋಗ ಒಮ್ಮೆ ನೀರಿಗೆ ಸೇರಿದರೆ ಮರಳಿ ತೆಗೆಯುವುದು ಬಹುತೇಕ ಅಸಾಧ್ಯ. ಸ್ಥಳೀಯ ಮೀನುಗಳಿಗೂ ಮೀನುಗಾರರ ಜೀವನೋಪಾಯಕ್ಕೂ ಹಾನಿ. ಅಂಥ ಮೀನನ್ನು ಮಾರಾಟಗಾರರಿಗೆ ಹಿಂದಿರುಗಿಸಬೇಕೆಂದು, ನೀರಸಾಗರ ಜಲಾಶಯಕ್ಕೆ ಸಮೀಪದ ದುಮ್ಮವಾಡ ಸೇರಿದಂತೆ ಎಲ್ಲ ಗ್ರಾಮಸಭೆಗಳಲ್ಲಿ ಸದಸ್ಯರು ತಿಳಿಸುವುದು ಅಗತ್ಯ.