ಲಾಕ್‌ಡೌನ್ ಮನೆಗಳಲ್ಲಿ ಬೆಚ್ಚನೆಯ ಕೊಲೆ ಕಥೆಗಳು

ಹೊರಗೆ ಸಾವಿನ ಸುದ್ದಿ, ಒಳಗೆ ಕೊಲೆಯ ಕಥೆ! 2020ರ ಮಾರ್ಚ್ 23ರ ರಾತ್ರಿ ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾದ ಮೇಲೆ ಅಲ್ಲಿನ ಅನೇಕ ಮನೆಗಳಲ್ಲಿ ಕಂಡುಬಂದ ವಿಚಿತ್ರ ಇದು. ಕೊರೊನಾ ವೈರಸ್ಸಿಗೆ ಹೆದರಿ ಬಾಗಿಲು ಹಾಕಿಕೊಂಡ ಜನ ಮನಸ್ಸಿನ ಸಮಾಧಾನಕ್ಕೆಂದು ಕಪಾಟಿನಿಂದ ಹೊರತೆಗೆದದ್ದು ಅಗಾಥಾ ಕ್ರಿಸ್ಟಿಯಂಥವರ ಪತ್ತೇದಾರಿ ಕಾದಂಬರಿಗಳನ್ನು. ಸತ್ತವರ ಸಂಖ್ಯೆಯನ್ನು ದಿನವೂ ಟೀವಿಯಲ್ಲಿ ನೋಡಿ ನಡುಗುತ್ತಿದ್ದವರು, ರಾತ್ರಿ ಮಲಗುವ ಮುಂಚೆ ಇನ್ನೊಂದು ಹೆಣ ಬೀಳುವ ಕಥೆಯನ್ನೇಕೆ ಓದಬೇಕು? ಅದರಿಂದ ನಿದ್ದೆ ಕೆಡುವ ಬದಲು ನೆಮ್ಮದಿ ಹೇಗೆ ಬಂದೀತು?

ಇದೂ ಒಂದು ಒಗಟೇ. ಬಿಡಿಸಲು ಹೊರಟರೆ ದಿನನಿತ್ಯದ ಮನೆವಾರ್ತೆಗೂ ವಿಜ್ಞಾನದ ವಿಧಾನಕ್ಕೂ ಇರುವ ನಂಟೊಂದು ಕಣ್ಣಿಗೆ ಬೀಳುತ್ತದೆ.

ಟೀ ಕುಲಾವಿಯ ಬಿಸುಪು

ಪತ್ತೇದಾರಿ ಸಾಹಿತ್ಯದಲ್ಲಿ ‘ಕೋಜಿ’ ಎಂಬ ಒಂದು ಪ್ರಕಾರವಿದೆ. ಕೋಜಿ ಎಂದರೆ ಬೆಚ್ಚಗಿನ, ಹಿತವಾದ ಎಂದರ್ಥ. ಟೀ ಆರದಂತೆ ಪಾತ್ರೆಯ ಮೇಲೆ ಹೊದಿಸುವ ಉಣ್ಣೆಯ ಕುಲಾವಿಗೂ ಇಂಗ್ಲಿಷರಲ್ಲಿ ಅದೇ ಹೆಸರು. ಈ ಕಥೆಗಳಲ್ಲಿ ಕೊಲೆ ನಡೆಯುವುದೇನೋ ನಿಜ; ಆದರೆ ರಕ್ತಪಾತದ ವರ್ಣನೆ ಇರುವುದಿಲ್ಲ. ಕಥೆ ನಡೆಯುವುದು ಒಂದು ಹಳ್ಳಿಯಲ್ಲೋ ಒಂದು ದೊಡ್ಡ ಮನೆಯಲ್ಲೋ. ಪಾತ್ರಗಳು ಹತ್ತು ಹನ್ನೆರಡು. ಪತ್ತೆ ಮಾಡುವವರು ಪಿಸ್ತೂಲು ಹಿಡಿದ ವೀರರೂ ಅಲ್ಲ. 1930ರಲ್ಲಿ ಪ್ರಕಟವಾದ ‘ದ ಮರ್ಡರ್ ಅಟ್ ದ ವಿಕರೇಜ್’ ಕಾದಂಬರಿಯ ಮಿಸ್ ಮಾರ್ಪಲ್, ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯಲ್ಲಿ ಉಣ್ಣೆ ಹೆಣೆಯುತ್ತಾ ಕೂರುವ ವೃದ್ಧೆ. ಪಕ್ಕದ ಮನೆಯವರ ನಡೆನುಡಿಯನ್ನು ಜೀವಮಾನವಿಡೀ ಗಮನಿಸಿದ್ದೇ ಆಕೆಯ ವಿದ್ಯೆ, ಅದೇ ಬಂಡವಾಳ.

ಈ ಆಟಕ್ಕೆ ನಿಯಮಗಳೂ ಉಂಟು. ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಹತ್ತು ಕಟ್ಟಳೆಗಳನ್ನು ಪಟ್ಟಿ ಮಾಡಿದರು. ದೆವ್ವ ಭೂತಗಳ ನೆರವು ಕೂಡದು. ಲೋಕಕ್ಕೆ ಗೊತ್ತಿಲ್ಲದ ವಿಷವನ್ನು ತರಕೂಡದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಒಟ್ಟಿನಲ್ಲಿ ಲೇಖಕ ಮೋಸ ಮಾಡುವಂತಿಲ್ಲ. ಹುಷಾರಾಗಿ ಓದಿದವನಿಗೆ ಉತ್ತರ ಸಿಗಲೇಬೇಕು.

ಲಾಕ್‌ಡೌನ್ ದಿನಗಳಲ್ಲಿ ಇಂಥ ಕಥೆಗಳು ಹಿತವೆನಿಸಿದ್ದಕ್ಕೆ ಮೊದಲ ಕಾರಣ ಇಲ್ಲೇ ಇದೆ. ಹೊರಗಿನ ಶತ್ರು ಕಣ್ಣಿಗೆ ಕಾಣದು, ಎಲ್ಲಿಂದ ಬಂತು ಎಂದು ತಿಳಿಯದು, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಪುಸ್ತಕದೊಳಗಿನ ಅಪಾಯಕ್ಕಾದರೋ ಕಾರಣವಿದೆ, ಕೊನೆಯಿದೆ. ಮುನ್ನೂರು ಪುಟ ದಾಟಿದರೆ ಸತ್ಯ ಹೊರಬಂದೇ ಬರುತ್ತದೆ.

ಬಾಗಿಲು ಮುಚ್ಚಿದ ಮನೆ

ಎರಡನೆಯ ಕಾರಣ, ಆ ಕಥೆಗಳ ರಂಗಸ್ಥಳವೇ ಒಂದು ಬಗೆಯ ಲಾಕ್‌ಡೌನ್. ಅಗಾಥಾ ಕ್ರಿಸ್ಟಿಯ ‘ದ ಮೌಸ್‌ಟ್ರ್ಯಾಪ್’ ನಾಟಕವನ್ನೇ ನೋಡಬಹುದು. ಯುವ ದಂಪತಿ ನಡೆಸುವ ಒಂದು ವಸತಿಗೃಹ. ಹಿಮ ಸುರಿದು ದಾರಿ ಮುಚ್ಚಿಹೋಗಿದೆ. ಒಳಗಿರುವ ಕೆಲವೇ ಜನರಲ್ಲಿ ಒಬ್ಬರು ಕೊಲೆಗಾರರು. 1952ರ ನವೆಂಬರ್ 25ರಂದು ಲಂಡನ್ನಿನಲ್ಲಿ ಆರಂಭವಾದ ಈ ನಾಟಕ 67 ವರ್ಷ ನಿಲ್ಲದೆ ನಡೆಯಿತು. ಕೊನೆಗೆ 2020ರ ಮಾರ್ಚ್ 16ರಂದು ಅದನ್ನು ನಿಲ್ಲಿಸಿದ್ದು ಕೊರೊನಾ. ಮನೆಯೊಳಗೆ ಸಿಕ್ಕಿಬಿದ್ದವರ ಕಥೆಯನ್ನು ನೋಡಬೇಕಾಗಿದ್ದ ಪ್ರೇಕ್ಷಕರೇ ಮನೆಯೊಳಗೆ ಸಿಕ್ಕಿಬಿದ್ದರು! 2021ರ ಮೇ 17ರಂದು ರಂಗಮಂದಿರ ಮತ್ತೆ ತೆರೆಯಿತು.

ಕಷ್ಟಕಾಲದಲ್ಲಿ ಪತ್ತೇದಾರಿ ಕಥೆಗೆ ಮೊರೆಹೋಗುವುದು ಬ್ರಿಟನ್ನಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಶತ್ರು ವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿಗಳಿಗೆ ಕಪ್ಪು ಪರದೆ ಹಾಕಿದ ರಾತ್ರಿಗಳಲ್ಲಿ ಜನ ಓದಿನಲ್ಲಿ ಕಾಲ ಕಳೆದರು. ಲಂಡನ್ನಿನ ಬೆತ್ನಲ್ ಗ್ರೀನ್ ಸುರಂಗ ರೈಲು ನಿಲ್ದಾಣದಲ್ಲಿ ಬಾಂಬಿಗೆ ಹೆದರಿ ಆಶ್ರಯ ಪಡೆದವರಿಗಾಗಿ ಒಂದು ಗ್ರಂಥಾಲಯವೇ ಇತ್ತು. ಅದೇ ಊರಿನಲ್ಲಿ, ಹಗಲು ಆಸ್ಪತ್ರೆಯೊಂದರ ಔಷಧಾಲಯದಲ್ಲಿ ದುಡಿಯುತ್ತಿದ್ದ ಕ್ರಿಸ್ಟಿ, ತಾನು ಬದುಕುಳಿಯದಿದ್ದರೆ ಮನೆಯವರಿಗೆ ಆಸರೆಯಾಗಲೆಂದು ಎರಡು ಕಾದಂಬರಿಗಳನ್ನು ಬರೆದು ಭದ್ರವಾಗಿ ಎತ್ತಿಡಿಸಿದರು. ಒಂದು ಮಗಳಿಗೆ, ಇನ್ನೊಂದು ಗಂಡನಿಗೆ. ‘ಕರ್ಟನ್’ ಮತ್ತು ‘ಸ್ಲೀಪಿಂಗ್ ಮರ್ಡರ್’ ಎಂಬ ಆ ಕಾದಂಬರಿಗಳು ಬೆಳಕು ಕಂಡದ್ದು 1975 ಮತ್ತು 1976ರಲ್ಲಿ.

ಔಷಧದ ಸೀಸೆಯಿಂದ ಕಾದಂಬರಿಗೆ

ಕ್ರಿಸ್ಟಿಯ ಪತ್ತೇದಾರಿ ಬರವಣಿಗೆ ಹುಟ್ಟಿದ್ದೂ ಯುದ್ಧಕಾಲದ ಔಷಧಾಲಯದಲ್ಲೇ. ಮೊದಲ ಮಹಾಯುದ್ಧದಲ್ಲಿ ತಮ್ಮೂರು ಟಾರ್ಕಿಯ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಅವರು, ಬಳಿಕ ಔಷಧ ಬೆರೆಸಿ ಕೊಡುವ ಕೆಲಸಕ್ಕೆ ಬಂದರು. 1917ರಲ್ಲಿ ಅದರ ಪರೀಕ್ಷೆಯನ್ನೂ ಪಾಸು ಮಾಡಿದರು. ಸುತ್ತಲೂ ಕಪಾಟುಗಳಲ್ಲಿ ವಿಷದ ಸೀಸೆಗಳು. ಒಂದು ಹನಿ ಮದ್ದು, ಹತ್ತು ಹನಿ ಮೃತ್ಯು. ಪತ್ತೇದಾರಿ ಕಥೆ ಬರೆಯುವುದು ನಿನ್ನಿಂದಾಗದು ಎಂದು ಅಕ್ಕ ಹಾಕಿದ್ದ ಸವಾಲು ಮನಸ್ಸಿನಲ್ಲಿತ್ತು. ಹೀಗೆ ಹುಟ್ಟಿದ ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ 1920ರಲ್ಲಿ ಅಚ್ಚಾಯಿತು.

ಕೊಲೆಗಾರ ಯಾರೆಂದು ಇಲ್ಲಿ ಹೇಳುವುದು ಬೇಡ. ಓದುವವರ ಸ್ವಾರಸ್ಯ ಕೆಡುತ್ತದೆ. ಅದರಲ್ಲಿರುವ ರಸಾಯನಶಾಸ್ತ್ರವನ್ನು ಮಾತ್ರ ನೋಡೋಣ. ಆ ಕಾಲದಲ್ಲಿ ಶಕ್ತಿವರ್ಧಕ ಟಾನಿಕ್ಕಿನಲ್ಲಿ ಅತ್ಯಲ್ಪ ಪ್ರಮಾಣದ ಸ್ಟ್ರಿಕ್ನೀನ್ ಬೆರೆಸುವ ರೂಢಿಯಿತ್ತು. ಕರಗಿರುವಷ್ಟು ಹೊತ್ತು ಅದು ಸೀಸೆಯಲ್ಲೆಲ್ಲ ಸಮನಾಗಿ ಹರಡಿರುತ್ತದೆ. ಅದಕ್ಕೆ ಬ್ರೋಮೈಡ್ ಸೇರಿದರೆ ನೀರಿನಲ್ಲಿ ಸುಲಭವಾಗಿ ಕರಗದ ಸ್ಟ್ರಿಕ್ನೀನ್ ಬ್ರೋಮೈಡ್ ಹರಳುಗಳು ಉಂಟಾಗಿ ತಳಕ್ಕಿಳಿಯುತ್ತವೆ. ಆಗ ಮೇಲಿನ ಗುಟುಕುಗಳು ನಿರಪಾಯ, ಕೊನೆಯ ಗುಟುಕು ಪ್ರಾಣಾಂತಿಕ! ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಪ್ರಣಾಳದ ತಳಕ್ಕೆ ಬಿಳಿಯ ಪ್ರಕ್ಷೇಪ ಇಳಿಯುವುದನ್ನು ನೋಡಿದ ವಿದ್ಯಾರ್ಥಿಗೆ ಇದು ತಿಳಿದ ಸಂಗತಿಯೇ. ಬ್ರಿಟನ್ನಿನ ಔಷಧತಜ್ಞರ ಪತ್ರಿಕೆಯೇ ಈ ಕಾದಂಬರಿಯ ವಿಷಜ್ಞಾನವನ್ನು ಮೆಚ್ಚಿ ಬರೆದಿತ್ತು.

ಇದೇ ಕಾದಂಬರಿಯಲ್ಲಿ ಪತ್ತೇದಾರ ಹರ್ಕ್ಯೂಲ್ ಪೊಯ್ರೊ ಹಿಡಿಯುವ ಸುಳಿವುಗಳು ಎಂಥವು? ಪುಡಿಪುಡಿಯಾದ ಒಂದು ಕಾಫಿ ಬಟ್ಟಲು, ನೆಲದ ಮೇಲೆ ಬಿದ್ದ ಮೇಣದ ಹನಿ, ಅಗ್ಗಿಷ್ಟಿಕೆಯ ಬೂದಿ. ಹೊರಗೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ತಾಪ. ನಮಗದು ಹಿತವಾದ ಹವೆ, ಇಂಗ್ಲಿಷರಿಗೆ ಸುಡುಬೇಸಿಗೆ. ಅಂಥ ದಿನ ಮನೆಯ ಯಜಮಾನಿ ಕೋಣೆಯಲ್ಲಿ ಬೆಂಕಿ ಹಾಕಿಸಿದ್ದೇಕೆ? ಚಳಿಗಲ್ಲ ಎಂದಮೇಲೆ ಏನನ್ನೋ ಸುಡಲಿಕ್ಕೇ ಇರಬೇಕು. ಎಲ್ಲರ ಕಣ್ಣೆದುರೇ ಇದ್ದ ಬೆಂಕಿಯನ್ನು ಪ್ರಶ್ನಿಸಿದವನು ಒಬ್ಬನೇ. ನೋಡುವುದು ಬೇರೆ, ಗಮನಿಸುವುದು ಬೇರೆ.

ಹಿಟ್ಟು ಎಲ್ಲಿ ಹೋಯಿತು?

ಲಾಕ್‌ಡೌನ್ ಬ್ರಿಟನ್ನಿನ ಅಡುಗೆಮನೆಯಲ್ಲೇ ಇಂಥದೊಂದು ರಹಸ್ಯ ಎದುರಾಯಿತು. ಮನೆಯಲ್ಲಿ ಕುಳಿತವರೆಲ್ಲ ಬ್ರೆಡ್ಡು, ಕೇಕು ಮಾಡಲು ಹೊರಟರು. ಅಂಗಡಿಗಳಲ್ಲಿ ಹಿಟ್ಟೇ ಮಾಯ! ಗೋಧಿಯ ಕೊರತೆಯೇ? ಅಲ್ಲ. ಗಿರಣಿಗಳು ನಿಂತಿದ್ದವೇ? ಅದೂ ಅಲ್ಲ. ಆ ದೇಶದಲ್ಲಿ ಬೀಸುವ ಹಿಟ್ಟಿನ ಬಹುಪಾಲು ಬೇಕರಿ, ಕಾರ್ಖಾನೆಗಳಿಗೆ ದೊಡ್ಡ ಮೂಟೆಗಳಲ್ಲೋ ಟ್ಯಾಂಕರುಗಳಲ್ಲೋ ಹೋಗುತ್ತದೆ. ಮನೆಬಳಕೆಗೆ ಸಣ್ಣ ಪೊಟ್ಟಣಗಳಲ್ಲಿ ಮಾರಾಟವಾಗುವುದು ಬಹಳ ಕಡಿಮೆ. ಬೇಡಿಕೆ ಒಮ್ಮೆಗೇ ಏರಿದಾಗ ಸಾಲದೆ ಬಂದದ್ದು ಹಿಟ್ಟಲ್ಲ, ಪೊಟ್ಟಣ ತುಂಬುವ ಯಂತ್ರಗಳ ಸಾಮರ್ಥ್ಯ. ಡಾರ್ಸೆಟ್ ಪ್ರಾಂತದಲ್ಲಿ ಪ್ರವಾಸಿಗಳ ನೋಟಕ್ಕಾಗಿ ಉಳಿದಿದ್ದ ಸ್ಟರ್ಮಿನ್‌ಸ್ಟರ್ ನ್ಯೂಟನ್ ಎಂಬಲ್ಲಿನ ಪುರಾತನ ನೀರುಗಿರಣಿಯೂ ಆಗ ಮಾರಾಟಕ್ಕೆ ಹಿಟ್ಟು ಬೀಸತೊಡಗಿತು.

ಮೊದಲು ತೋರಿದ ಆರೋಪಿ ನಿಜವಾದ ಆರೋಪಿ ಅಲ್ಲ ಎಂಬ ಪತ್ತೇದಾರಿ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಊಹೆ ಮಾಡು, ಪರೀಕ್ಷಿಸು, ತಪ್ಪಾದರೆ ಬಿಡು, ಇನ್ನೊಂದನ್ನು ಹಿಡಿ. ಪೊಯ್ರೊ ಮಾಡುವುದೂ ಇದನ್ನೇ, ವಿಜ್ಞಾನಿ ಮಾಡುವುದೂ ಇದನ್ನೇ.

ಕಾದಂಬರಿ ಉಳಿಸಿದ ಜೀವ

ಇದೆಲ್ಲ ಬರೀ ಕಾಲಹರಣದ ಮಾತು ಎನ್ನುವವರು 1977ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಘಟನೆಯನ್ನು ತಿಳಿಯಬೇಕು. ಕತಾರ್ ದೇಶದಿಂದ 19 ತಿಂಗಳ ಹೆಣ್ಣುಮಗುವೊಂದನ್ನು ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತರಲಾಗಿತ್ತು. ಮಗುವಿಗೆ ಅರೆಪ್ರಜ್ಞೆ. ಏನು ರೋಗವೆಂದು ವೈದ್ಯರಿಗೆ ಬಗೆಹರಿಯಲಿಲ್ಲ. ಅಲ್ಲಿನ ನರ್ಸ್ ಒಬ್ಬರು ಆಗ ಓದುತ್ತಿದ್ದದ್ದು ಕ್ರಿಸ್ಟಿಯ 1961ರ ಕಾದಂಬರಿ ‘ದ ಪೇಲ್ ಹಾರ್ಸ್’. ಅದರಲ್ಲಿ ಬರುವ ಥ್ಯಾಲಿಯಂ ವಿಷದ ಲಕ್ಷಣಗಳಿಗೂ ಮಗುವಿನ ಲಕ್ಷಣಗಳಿಗೂ, ಮುಖ್ಯವಾಗಿ ಉದುರುತ್ತಿದ್ದ ಕೂದಲಿಗೂ, ಹೋಲಿಕೆ ಕಂಡ ಅವರು ಅದನ್ನು ವೈದ್ಯರ ಗಮನಕ್ಕೆ ತಂದರು. ಪರೀಕ್ಷೆಯಲ್ಲಿ ಅದು ನಿಜವಾಯಿತು. ಮನೆಯಲ್ಲಿ ಜಿರಳೆ, ಇಲಿಗಳಿಗೆಂದು ಬಳಸಿದ್ದ ವಿಷ ಮಗುವಿನ ಹೊಟ್ಟೆ ಸೇರಿತ್ತು. ಸರಿಯಾದ ಚಿಕಿತ್ಸೆ ಸಿಕ್ಕಿ ಮಗು ಚೇತರಿಸಿಕೊಂಡಿತು.

ಥ್ಯಾಲಿಯಂ ಧಾತುವನ್ನು ವಿಲಿಯಂ ಕ್ರೂಕ್ಸ್ ಕಂಡುಹಿಡಿದದ್ದು 1861ರಲ್ಲಿ, ರೋಹಿತದಲ್ಲಿ ಮೂಡಿದ ಒಂದು ಹಸಿರು ಗೆರೆಯಿಂದ. ಅದರ ಅಯಾನು ವಿದ್ಯುದಂಶದಲ್ಲಿಯೂ ಗಾತ್ರದಲ್ಲಿಯೂ ಪೊಟ್ಯಾಸಿಯಂ ಅಯಾನನ್ನು ಹೋಲುವುದರಿಂದ ದೇಹದ ಜೀವಕೋಶಗಳು ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ವೇಷ ಮರೆಸಿಕೊಂಡು ಮನೆಯೊಳಗೆ ನುಗ್ಗುವ ಕೊಲೆಗಾರ ಕಥೆಗಳಲ್ಲಿ ಮಾತ್ರವಲ್ಲ, ಆವರ್ತಕ ಕೋಷ್ಟಕದಲ್ಲೂ ಇದ್ದಾನೆ! ಇದಕ್ಕೆ ಇಂದು ಬಳಕೆಯಲ್ಲಿರುವ ಪ್ರತಿವಿಷ, ಚಿತ್ರಕಾರರ ನೀಲಿ ಬಣ್ಣವೆಂದು ಹೆಸರಾದ ಪ್ರಷ್ಯನ್ ನೀಲಿ.

ನಮ್ಮ ಮನೆಗಳಲ್ಲಿ

ಭಾರತದಲ್ಲಿ ಲಾಕ್‌ಡೌನ್ ಜಾರಿಗೆ ಬಂದದ್ದು 2020ರ ಮಾರ್ಚ್ 25ರಂದು. ಮೂರೇ ದಿನಗಳಲ್ಲಿ, 28ರಿಂದ, ದೂರದರ್ಶನ ‘ರಾಮಾಯಣ’ದ ಜೊತೆಗೆ 1993ರ ‘ಬ್ಯೋಮಕೇಶ್ ಬಕ್ಷಿ’ ಧಾರಾವಾಹಿಯನ್ನೂ ಮರುಪ್ರಸಾರ ಮಾಡಿತು. ಶರದಿಂದು ಬಂದ್ಯೋಪಾಧ್ಯಾಯರು ಸೃಷ್ಟಿಸಿದ ಈ ಬಂಗಾಳಿ ನಾಯಕ ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳುವುದಿಲ್ಲ, ಸತ್ಯಾನ್ವೇಷಿ ಎನ್ನುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿ ಬೆಳೆದ ಹಿರಿಯರಿಗೂ ಈ ರುಚಿ ಹೊಸದೇನಲ್ಲ. ಅತ್ತ ಬ್ರಿಟನ್ನಿನಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ರಿಚರ್ಡ್ ಆಸ್ಮನ್ನರ ‘ದ ಥರ್ಸ್‌ಡೇ ಮರ್ಡರ್ ಕ್ಲಬ್’ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ನಾಯಕರು ನಿವೃತ್ತರ ಬಡಾವಣೆಯಲ್ಲಿ ಗುರುವಾರಕ್ಕೊಮ್ಮೆ ಸೇರುವ ನಾಲ್ವರು ವೃದ್ಧರು. ವಯಸ್ಸಾದವರನ್ನು ಬರೀ ಅಪಾಯದ ಅಂಚಿನಲ್ಲಿರುವವರೆಂದು ಎಣಿಸುತ್ತಿದ್ದ ಆ ವರ್ಷ, ಅವರ ಬುದ್ಧಿಶಕ್ತಿಯನ್ನು ನೆನಪಿಸಿದ ಪುಸ್ತಕ ಅದು.

ಆದರೆ ಒಂದು ಮಾತು ಮರೆಯುವಂತಿಲ್ಲ. ಮುಚ್ಚಿದ ಬಾಗಿಲ ಹಿಂದೆ ಎಲ್ಲರಿಗೂ ಬೆಚ್ಚನೆಯ ನೆಮ್ಮದಿ ಇರಲಿಲ್ಲ. ಲಾಕ್‌ಡೌನ್ ಕಾಲದಲ್ಲಿ ಹೆಣ್ಣುಮಕ್ಕಳ ಮೇಲೆ ಮನೆಯೊಳಗೆ ಹೆಚ್ಚಿದ ಹಿಂಸೆಯನ್ನು ವಿಶ್ವಸಂಸ್ಥೆಯ ಮಹಿಳಾ ವಿಭಾಗ 2020ರ ಏಪ್ರಿಲ್‌ನಲ್ಲೇ ‘ನೆರಳಿನ ಮಹಾಮಾರಿ’ ಎಂದು ಕರೆಯಿತು. ಕಥೆಯ ಸುಳಿವು ಹಿಡಿಯುವ ಕಣ್ಣು ಪಕ್ಕದ ಮನೆಯ ಮೌನವನ್ನೂ, ಸಹಪಾಠಿಯ ಬಾಡಿದ ಮುಖವನ್ನೂ ಹಿಡಿಯುವಂತಾದರೆ ಮಾತ್ರ ಓದು ಸಾರ್ಥಕ.

ತಂದೆ ತಾಯಂದಿರು ಒಂದು ಪ್ರಯೋಗ ಮಾಡಬಹುದು. ಇದಕ್ಕೆ ಲಾಕ್‌ಡೌನ್ ಬೇಕಾಗಿಲ್ಲ, ಒಂದು ಭಾನುವಾರ ಸಾಕು. ವಯಸ್ಸಿಗೆ ತಕ್ಕ ಒಂದು ಪತ್ತೇದಾರಿ ಕಥೆಯನ್ನು ಮನೆಯವರೆಲ್ಲ ಕೂಡಿ ಗಟ್ಟಿಯಾಗಿ ಓದಿ. ಕೊನೆಯ ಅಧ್ಯಾಯಕ್ಕೆ ಮುನ್ನ ಪುಸ್ತಕ ಮುಚ್ಚಿಡಿ. ಅಪರಾಧಿ ಯಾರು, ಅದಕ್ಕೆ ಆಧಾರವೇನು ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ. ಹೆಸರು ಸರಿಯಾದವರಿಗೆ ಒಂದು ಅಂಕ; ಪುಟ ತೆರೆದು ಸುಳಿವು ತೋರಿಸಿದವರಿಗೆ ಎರಡು. ಹೆಸರು ತಪ್ಪಿದರೂ ಒಳ್ಳೆಯ ಕಾರಣ ಕೊಟ್ಟ ಮಗುವಿಗೆ ಶಹಭಾಸ್ ಹೇಳುವುದನ್ನು ಮರೆಯಬೇಡಿ. ಊಹೆಯಿಂದ ಗೆಲ್ಲುವುದಕ್ಕಿಂತ ಆಧಾರದಿಂದ ಸೋಲುವುದು ಮೇಲು ಎಂಬುದನ್ನು ಮಕ್ಕಳು ಮನೆಯಲ್ಲೇ ಕಲಿತರೆ, ಮುಂದೆ ಪ್ರಯೋಗಾಲಯದಲ್ಲಿ ಅವರಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.