ಭೀಮನ ಗದೆ, ಇಪ್ಪತ್ತು ಮುಖದ ದಾಳ

ಮುಧೋಳವೆಂದೊಡನೆ ಕನ್ನಡಿಗರ ನೆನಪಿಗೆ ಮೊದಲು ಬರುವ ಹೆಸರು ಕವಿಚಕ್ರವರ್ತಿ ರನ್ನನದು. ಬಳೆಗಾರರ ಕುಲದಲ್ಲಿ ಕ್ರಿ.ಶ. 949ರಲ್ಲಿ ಜನಿಸಿದ ಈ ಕವಿಯು ತನ್ನ ಆಶ್ರಯದಾತನಾದ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ 'ಸಾಹಸಭೀಮ ವಿಜಯ'ವನ್ನು ರಚಿಸಿದನು. 'ಗದಾಯುದ್ಧ'ವೆಂದೇ ಜನಜನಿತವಾದ ಆ ಕಾವ್ಯವೆಲ್ಲವೂ ಒಂದೇ ಒಂದು ಪೆಟ್ಟಿನ ಕಡೆಗೆ ಸಾಗುತ್ತದೆ. ಆ ಪೆಟ್ಟು ಬೀಳುವುದು ದುರ್ಯೋಧನನ ತೊಡೆಯ ಮೇಲೆ.

ನೂರಾರು ಹೊಡೆತಗಳ ನಡುವೆ ಕಥೆಯ ಗತಿಯನ್ನೇ ತಿರುಗಿಸುವ ಇಂಥ ಒಂದು ಹೊಡೆತವನ್ನು ಆಟದ ನಿಯಮವಾಗಿ ಕಟ್ಟಲು ಸಾಧ್ಯವೇ? ಸಾಧ್ಯವೆಂದು ತೋರಿಸಿದವರು ಅಮೆರಿಕದ ಕೆಲವು ಆಟದ ರಸಿಕರು.

ಮೇಜಿನ ಮೇಲಿನ ರಣರಂಗ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬೊಬ್ಬರೂ ಒಬ್ಬ ವೀರನ ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಮಾತ್ರ ಸೂತ್ರಧಾರನಾಗಿ ಶತ್ರುಗಳೆಲ್ಲರನ್ನೂ ಆಡಿಸುತ್ತಾನೆ. ಕಥೆ ಮಾತಿನಲ್ಲಿಯೇ ಬೆಳೆಯುತ್ತದೆ. ಯುದ್ಧ ಒದಗಿದಾಗ ಮಾತ್ರ ತೀರ್ಪು ದಾಳದ್ದು. 20 ಮುಖಗಳ ದಾಳವನ್ನುರುಳಿಸಿ, ಬಿದ್ದ ಅಂಕೆಗೆ ವೀರನ ನೈಪುಣ್ಯದ ಅಂಕೆಯನ್ನು ಕೂಡಿಸಬೇಕು. ಆ ಮೊತ್ತವು ಎದುರಾಳಿಯ ರಕ್ಷಣೆಯ ಅಂಕೆಯನ್ನು ಮುಟ್ಟಿದರೆ ಏಟು ತಗಲಿತೆಂದು ಅರ್ಥ. ಏಟಿನ ಬಲವೆಷ್ಟೆಂಬುದನ್ನು ಬೇರೊಂದು ದಾಳ ಹೇಳುತ್ತದೆ.

ಇದಕ್ಕೆ 'ಕ್ರಿಟಿಕಲ್ ಹಿಟ್' ಎಂಬ ನಿಯಮವನ್ನು ಮೊದಲು ಸೇರಿಸಿದ ಕೀರ್ತಿ ಎಂ. ಎ. ಆರ್. ಬಾರ್ಕರ್ ಅವರದು. ಇವರು ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದವರು. 1975ರಲ್ಲಿ ಪ್ರಕಟವಾದ ಅವರ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಆಟದಲ್ಲಿ 20 ಬಿದ್ದರೆ ಪೆಟ್ಟು ಇಮ್ಮಡಿ. ಒಡನೆಯೇ ಮತ್ತೊಮ್ಮೆ ಎಸೆದು 19 ಅಥವಾ 20 ಬಿದ್ದರೆ ಎದುರಾಳಿ ಅಲ್ಲಿಯೇ ಹತನಾಗುತ್ತಾನೆ. ಮೊದಲನೆಯದು ಇಪ್ಪತ್ತರಲ್ಲಿ ಒಂದು. ಎರಡೂ ಕೂಡಿ ಬರುವುದು ಇನ್ನೂರರಲ್ಲಿ ಒಂದು. ಮರ್ಮಾಘಾತವೆಂದು ಕರೆದರೆ ಕನ್ನಡದ ಕಿವಿಗೆ ಇದು ಸಲೀಸಾಗಿ ಸಲ್ಲುತ್ತದೆ.

ಎರಡು ಅಲಗಿನ ಕತ್ತಿ

ಈ ನಿಯಮವು ಆಟಗಾರರಿಗೆ ಪರಮಪ್ರಿಯವಾಯಿತು. ಆದರೆ ಗೈಗ್ಯಾಕ್ಸ್ ಮಾತ್ರ ಇದನ್ನು ಒಪ್ಪಲಿಲ್ಲ. 1979ರಲ್ಲಿ ಸೂತ್ರಧಾರರಿಗಾಗಿ ಬರೆದ ಕೈಪಿಡಿಯಲ್ಲಿ ಅವರು ಮುಂದಿಟ್ಟ ವಾದ ವಿಚಾರಾರ್ಹವಾದುದು. ವೀರನಿಗೆ ದೊರೆತ ವರ ಶತ್ರುವಿಗೂ ದೊರೆಯಲೇಬೇಕಷ್ಟೆ? ಹಾಗಾದರೆ ನಷ್ಟ ಯಾರಿಗೆ? ನಾಲ್ವರು ಶತ್ರುಗಳ ನಡುವೆ ಒಬ್ಬ ವೀರನು ನಿಂತಿದ್ದಾನೆಂದು ಭಾವಿಸೋಣ. ಒಂದು ಸರದಿಯಲ್ಲಿ ಅವನು ಎಸೆಯುವುದು ಒಂದು ದಾಳ. ಅವನ ಮೇಲೆ ಬೀಳುವುವು ನಾಲ್ಕು. ಅವನಿಗೆ ಮರ್ಮಾಘಾತ ಒಲಿಯುವ ಸಂಭವ ನೂರಕ್ಕೆ 5. ಅವನ ಮೇಲೆ ಒಂದಾದರೂ ಎರಗುವ ಸಂಭವ ನೂರಕ್ಕೆ 18ಕ್ಕೂ ಮಿಗಿಲು. ಶತ್ರುವಾದರೋ ಒಂದು ಕಾಳಗಕ್ಕೆ ಬಂದು ಮಡಿಯುವವನು. ವೀರನು ಕಥೆಯುದ್ದಕ್ಕೂ ಕಾದಬೇಕಾದವನು. ಅದೃಷ್ಟದ ಪೆಟ್ಟು ಎಂದಾದರೊಂದು ದಿನ ಅವನನ್ನೇ ಹುಡುಕಿಕೊಂಡು ಬರುತ್ತದೆ.

ಆದುದರಿಂದ ಮುಂದಿನವರು ನಿಯಮಕ್ಕೆ ಕಡಿವಾಣ ಹಾಕಿದರು. 2000ದ ಮೂರನೆಯ ಆವೃತ್ತಿಯಲ್ಲಿ 20 ಬಿದ್ದಮೇಲೆ ಮತ್ತೊಮ್ಮೆ ಎಸೆದು, ಅದೂ ತಗಲಿದರೆ ಮಾತ್ರ ಮರ್ಮಾಘಾತ. ಕೊಡಲಿಯ ಪೆಟ್ಟು ಅಪರೂಪ, ಆದರೆ ಮುಮ್ಮಡಿ. ಉದ್ದ ಕತ್ತಿಯದು 19ಕ್ಕೂ ಒದಗುತ್ತದೆ, ಆದರೆ ಇಮ್ಮಡಿ ಮಾತ್ರ. 2014ರ ಐದನೆಯ ಆವೃತ್ತಿ ಎರಡನೆಯ ಎಸೆತವನ್ನು ಬಿಟ್ಟು, ಏಟಿನ ದಾಳವನ್ನಷ್ಟೇ ಇಮ್ಮಡಿಸಿತು. ವೀರನ ತೋಳ್ಬಲದ ಅಂಕೆ ಇದ್ದಂತೆಯೇ ಉಳಿಯಿತು. ಗದೆಯನ್ನೇ ನೋಡಬಹುದು. ಅದರದು 6 ಮುಖದ ದಾಳ. ತೋಳ್ಬಲ 3 ಎಂದಿಟ್ಟುಕೊಂಡರೆ ಸಾಧಾರಣ ಪೆಟ್ಟು 4ರಿಂದ 9. ಮರ್ಮಾಘಾತ 5ರಿಂದ 15. ಒಮ್ಮೊಮ್ಮೆ ಮರ್ಮಾಘಾತವೇ ಸಾಧಾರಣ ಪೆಟ್ಟಿಗಿಂತ ಬಡವಾಗುವುದೂ ಉಂಟು!

ಕವಡೆಯ ನೆನಪು

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಹಿರಿಯರಿಗೆ ಇದರ ತಿರುಳು ತೀರ ಹೊಸದೆನಿಸಲಾರದು. ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಎಲ್ಲವೂ ಕವುಚಿ ಬಿದ್ದರೆ ಎಂಟು. ಇವೆರಡಕ್ಕೂ ಇನ್ನೊಂದು ಎಸೆತದ ಹಕ್ಕುಂಟು. ಕವಡೆಗಳು ಎರಡು ಮಗ್ಗುಲಿಗೂ ಸಮನಾಗಿ ಬಿದ್ದರೆ ಈ ಭಾಗ್ಯ ಎಂಟು ಎಸೆತಕ್ಕೊಮ್ಮೆ. ಎದುರಾಳಿಯ ಕಾಯಿಯನ್ನು ಕಡಿದವನಿಗೂ ಅದೇ ಬಹುಮಾನ. ಆದರೆ ಕಡಿಯುವುದು ಬರಿಯ ಅದೃಷ್ಟದ ಮಾತಲ್ಲ. ಯಾವ ಕಾಯಿಯನ್ನು ನಡೆಸಬೇಕೆಂಬ ವಿವೇಕವೂ ಬೇಕು.

ಭೀಮನ ಪೆಟ್ಟು ಈ ಎರಡನೆಯ ಜಾತಿಯದು. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಕಟ್ಟಳೆ. ವ್ಯಾಸಭಾರತದಲ್ಲಿ ಅರ್ಜುನನು ತನ್ನ ತೊಡೆಯನ್ನು ತಟ್ಟಿ ಸನ್ನೆ ಮಾಡುತ್ತಾನೆ. ಭೀಮನು ಗುರಿಯಿಟ್ಟು ಹೊಡೆಯುತ್ತಾನೆ. ಬಲರಾಮನು ಅಧರ್ಮವೆಂದು ಕೆರಳಿ ನೇಗಿಲನ್ನೆತ್ತುತ್ತಾನೆ. ಅದು ಅದೃಷ್ಟದಿಂದ ಬಿದ್ದ ಪೆಟ್ಟಾಗಿದ್ದರೆ ಬಲರಾಮನು ಕೆರಳಲು ಕಾರಣವೇ ಇರುತ್ತಿರಲಿಲ್ಲ. ದಾಳ ಕೊಟ್ಟ ಗೆಲುವಿಗೆ ಹೊಣೆಗಾರರಿಲ್ಲ; ಬೇಕೆಂದೇ ಕೊಟ್ಟ ಪೆಟ್ಟಿಗೆ ಹೊಡೆದವನೇ ಹೊಣೆ.

ಹಾಗೆಂದು ಭೀಮನ ಕಥೆಯಲ್ಲಿ ದಾಳವೇ ಇಲ್ಲವೆನ್ನುವಂತಿಲ್ಲ. ದುರ್ಯೋಧನನು ತುಂಬಿದ ಸಭೆಯಲ್ಲಿ ದ್ರೌಪದಿಗೆ ತೊಡೆ ತೋರಿಸಿದ್ದು, ಅದನ್ನು ಮುರಿಯುವೆನೆಂದು ಭೀಮನು ಶಪಥ ಮಾಡಿದ್ದು ಜೂಜಿನ ದಿನವೇ. ಶಕುನಿಯ ದಾಳಗಳು ಆ ದಿನ ಪಾಂಡವರ ಸರ್ವಸ್ವವನ್ನೂ ಕಸಿದುಕೊಂಡವು. ಹದಿಮೂರು ವರ್ಷಗಳ ವನವಾಸ, ಅಜ್ಞಾತವಾಸಗಳು ಕಳೆದು, ಹದಿನೆಂಟು ದಿನಗಳ ಯುದ್ಧವೂ ನಡೆದ ಮೇಲೆ ಅದಕ್ಕೆ ಉತ್ತರ ಹೇಳಿದ್ದು ಮತ್ತೊಂದು ದಾಳವಲ್ಲ, ಗದೆ.